ಕ್ಯಾಂಡಿಗೆ ಮ್ಯಾನೇಜರಾಗಿ ಹೋದದ್ದು

ನಾನು ಕ್ಯಾಂಡಿಗೆ ಹೋದದ್ದು ನನ್ನ ಮಗಳು ಸೋಲುವುದನ್ನು ನೋಡುವುದಕ್ಕೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಬೇರೆಯವರು ಶ್ರೀಲಂಕಾಕ್ಕೆ ಸಮುದ್ರ ನೋಡಲು ಹೋಗುತ್ತಾರೆ, ಬುದ್ಧನ ಹಲ್ಲು ಇರುವ ಗುಡಿ ನೋಡಲು ಹೋಗುತ್ತಾರೆ. ನನಗೂ ಎರಡೂ ಆಯಿತು. ಸಮುದ್ರ ವಿಮಾನದ ಕಿಟಕಿಯಿಂದ ಕಂಡಿತು. ಹಲ್ಲು ಕಾಣಲಿಲ್ಲ. ಪೆಟ್ಟಿಗೆಯೊಳಗೆ ಪೆಟ್ಟಿಗೆ ಇಟ್ಟು ಅದರೊಳಗೆ ಇಟ್ಟಿದ್ದಾರಂತೆ. ನಾವು ಪೆಟ್ಟಿಗೆಗೆ ಕೈಮುಗಿದು ಬಂದೆವು.

ನನ್ನ ಮಗಳು ಗಿರಿಜಾ ಶಿವಮೊಗ್ಗದ ಒಂದು ಕಾಲೇಜಿನಲ್ಲಿ ಜಿಮ್ನಾಸ್ಟಿಕ್ಸ್ ಕೋಚ್. ಹಾಗೆಂದರೇನು ಅಂತ ನಮ್ಮ ಬೀದಿಯಲ್ಲಿ ಇವತ್ತಿಗೂ ಕೇಳುತ್ತಾರೆ. ಹುಡುಗಿಯರಿಗೆ ಲಾಗ ಹಾಕಲು ಕಲಿಸುವುದು ಅನ್ನುತ್ತೇನೆ. ಅದಕ್ಕೂ ಸಂಬಳ ಕೊಡುತ್ತಾರಾ ಅನ್ನುತ್ತಾರೆ. ಹತ್ತು ತಿಂಗಳು ಕೊಡುತ್ತಾರೆ ಅನ್ನುತ್ತೇನೆ. ಹನ್ನೆರಡು ವರ್ಷದಿಂದ ಅವಳು ಟೆಂಪರರಿ. ಜೂನ್‌ನಲ್ಲಿ ಆರ್ಡರ್ ಕೊಡುತ್ತಾರೆ, ಮಾರ್ಚ್‌ನಲ್ಲಿ ತೆಗೆಯುತ್ತಾರೆ. ಏಪ್ರಿಲ್, ಮೇ ಎರಡು ತಿಂಗಳು ಅವಳು ಯಾರೂ ಅಲ್ಲ. ಆದರೂ ಹೋಗಿ ಕಲಿಸುತ್ತಾಳೆ. ರಜದಲ್ಲಿ ಮೈ ಬಿಗಿಯಾಗುತ್ತದಂತೆ. ಹುಡುಗಿಯರದು.

ತಪ್ಪು ನಮ್ಮ ಯಜಮಾನರದು. ಅವರು ಫ್ಯಾಕ್ಟರಿಯಲ್ಲಿ ಫಿಟ್ಟರ್ ಆಗಿದ್ದರು. ಭದ್ರಾವತಿಯ ನ್ಯೂ ಟೌನ್ ಕ್ವಾರ್ಟರ್ಸ್‌ನಲ್ಲಿದ್ದಾಗ ಪಕ್ಕದ ಕ್ಲಬ್ಬಿನಲ್ಲಿ ಕಬ್ಬಿಣದ ಬಾರುಗಳಿದ್ದವು. ಶಿಫ್ಟ್ ಮುಗಿಸಿದ ಗಂಡಸರು ಅಲ್ಲಿ ತೋಳು ಬೆಳೆಸುತ್ತಿದ್ದರು. ಏಳು ವರ್ಷದ ಗಿರಿಜಾ ಅಲ್ಲಿ ತಲೆಕೆಳಗಾಗಿ ನೇತಾಡಿದಳು. ನಾನು ಬೆತ್ತ ತೆಗೆದುಕೊಂಡು ಹೋದೆ. ಹೋಗಿ ನೋಡಿದರೆ ಇವರು ನಿಂತು ಚಪ್ಪಾಳೆ ತಟ್ಟುತ್ತಿದ್ದಾರೆ. ಅಲ್ಲಿಂದ ರಾಜ್ಯ ಮಟ್ಟಕ್ಕೆ ಹೋದಳು. ಆಮೇಲೆ ಕೋಚಿಂಗ್ ಕಲಿಯಲು ಪಟಿಯಾಲಕ್ಕೆ ಹೋಗಿ ಒಂದು ವರ್ಷ ಗೋಧಿ ತಿಂದು ಬಂದಳು. ಮದುವೆಗೆ ಹೆಣ್ಣು ನೋಡಲು ಬಂದವರು ಹಾಡು ಬರುತ್ತದಾ ಅಂದರು. ಕೈ ಮೇಲೆ ನಿಲ್ಲಲು ಬರುತ್ತದೆ ಅಂತ ನಮ್ಮ ಯಜಮಾನರು ಹೆಮ್ಮೆಯಿಂದ ಹೇಳಿದರು. ಇಬ್ಬರು ಎದ್ದು ಹೋದರು. ಮೂರನೆಯವರು ಮೇಷ್ಟ್ರು, ಅವರು ನಕ್ಕರು. ಅವರೇ ನಮ್ಮ ಅಳಿಯ. ಯಜಮಾನರು ಹೋದ ಮೇಲೆ ಎಲ್ಲರೂ ಭದ್ರಾವತಿಯ ನಮ್ಮ ಮನೆಯಲ್ಲೇ ಇದ್ದೇವೆ.

ಆ ವರ್ಷ ಕಾಲೇಜಿಗೆ ಕಂಪ್ಯೂಟರ್ ಬರುವುದಿತ್ತು. ಅವನ್ನು ಇಡಲು ಪ್ರಿನ್ಸಿಪಾಲರು ಗಿರಿಜಾಳ ಹಾಲ್ ಕೇಳಿದರು. ಅಷ್ಟರಲ್ಲಿ ಕ್ಯಾಂಡಿಯಿಂದ ಕಾಲೇಜು ಹುಡುಗಿಯರ ಪಂದ್ಯಕ್ಕೆ ಆಹ್ವಾನ ಬಂತು. "ಪದಕ ತನ್ನಿ ಮೇಡಂ. ಹಾಲ್ ನಿಮ್ಮದೇ. ಹುದ್ದೆ ಖಾಯಂ ಮಾಡಿ ಅಂತ ಬೆಂಗಳೂರಿಗೂ ಬರೀತೀನಿ. ತರದಿದ್ರೆ ನಾನೇನು ಮಾಡ್ಲಿ, ನೀವೇ ಹೇಳಿ" ಅಂದರಂತೆ.

ನನ್ನ ತಮ್ಮ ಶಿವಮೊಗ್ಗದ ಒಂದು ಅಡಿಕೆ ಸೊಸೈಟಿಯಲ್ಲಿ ಡೈರೆಕ್ಟರ್. ಅಲ್ಲಿ ಗುಮಾಸ್ತೆಯ ಜಾಗ ಖಾಲಿಯಾಗುತ್ತಿತ್ತು. ಖಾಯಂ. ಕುರ್ಚಿ, ಮೇಲೆ ಫ್ಯಾನ್, ಹನ್ನೆರಡು ತಿಂಗಳ ಸಂಬಳ. ನಾನು ಗಿರಿಜಾಳನ್ನು ದೇವರ ಮುಂದೆ ನಿಲ್ಲಿಸಿ ಕೇಳಿದೆ.

"ಪದಕ ಬರದಿದ್ರೆ?"

"ಸೊಸೈಟಿಗೆ ಸೇರ್ತೀನಿ."

"ವಿಭೂತಿ ಮುಟ್ಟಿ ಹೇಳು."

ಮುಟ್ಟಿ ಹೇಳಿದಳು. ಹೇಳಿ, "ಆದ್ರೆ ನೀನು ಜೊತೆಗೆ ಬರ್ಬೇಕು, ಮ್ಯಾನೇಜರಾಗಿ" ಅಂದಳು. ಪಂದ್ಯಕ್ಕೆ ಆರಿಸಿದ್ದ ಮೂವರು ಹುಡುಗಿಯರ ಮನೆಯವರೂ ಸಮುದ್ರ ದಾಟಿಸಲು ಒಪ್ಪಿರಲಿಲ್ಲ. ಅವರಲ್ಲಿ ಚೆನ್ನಾಗಿ ಆಡುವವಳು ನೇತ್ರಾ. ಅವಳ ಅಪ್ಪನದು ವಿನೋಬನಗರದಲ್ಲಿ ಜೆರಾಕ್ಸ್ ಅಂಗಡಿ. ಅವರು, "ಹಿರೀ ಹೆಂಗಸರು ಒಬ್ಬರು ಹೋಗೋದಾದ್ರೆ ಕಳಿಸ್ತೀನಿ. ಮಿಸ್‌ದೇನು, ಅವರೇ ಹುಡುಗಿ ಥರ ಹಾರ್ತಾರೆ" ಅಂದರು. ನನಗೆ ಅರವತ್ತೆಂಟು. ಮೂರನೇ ಕ್ಲಾಸು ಓದಿದ್ದೇನೆ. ಮ್ಯಾನೇಜರ್ ಆಗಲು ಅಷ್ಟು ಸಾಕಾಯಿತು.

ಚೆನ್ನೈ

ರೈಲಿನಲ್ಲಿ ಚೆನ್ನೈ ತಲುಪಿ ವಿಮಾನ ನಿಲ್ದಾಣಕ್ಕೆ ಹೋದೆವು. ಎಲ್ಲರಿಗೂ ಕೊರಳಿಗೆ ಕಾರ್ಡು ಹಾಕಿಕೊಳ್ಳಬೇಕಿತ್ತು. ನನ್ನದರಲ್ಲಿ ಮ್ಯಾನೇಜರ್ ಅಂತ ಇಂಗ್ಲಿಷಿನಲ್ಲಿ ಬರೆದಿತ್ತು. ಕಾರ್ಡಿನ ಕೆಳಗೆ ನನ್ನ ಲಿಂಗದ ಕರಡಿಗೆ. ತಪಾಸಣೆಯ ಹೆಂಗಸು ಬೆಳ್ಳಿಯ ಕರಡಿಗೆ ಮುಟ್ಟಿ ಒಳಗೇನಿದೆ ಅಂತ ತಮಿಳಿನಲ್ಲಿ ಕೇಳಿದಳು. ನನಗೆ ತಮಿಳು ಬರುತ್ತದೆ. ನ್ಯೂ ಟೌನ್‌ನಲ್ಲಿ ನಮ್ಮ ಎಡಗಡೆ ಮನೆ ತಮಿಳರದು, ಬಲಗಡೆಯದು ತೆಲುಗರದು. ನಲ್ಲಿಯ ಹತ್ತಿರ ಜಗಳವಾಡಿ ಎರಡೂ ಕಲಿತಿದ್ದೇನೆ. "ದೇವರು" ಅಂದೆ. ಅವಳು ಕೈ ಹಿಂದೆ ತೆಗೆದುಕೊಂಡು ಮುಂದೆ ಕಳಿಸಿದಳು.

ಆಮೇಲೆ ನನ್ನ ಬ್ಯಾಗು ಪೆಟ್ಟಿಗೆಯೊಳಗೆ ಹೋಗಿ ಬಂತು. ಸೀರೆ, ಅವಲಕ್ಕಿ, ಚಟ್ನಿಪುಡಿ, ಕಂಬಳಿ, ಕಂಬಳಿಯೊಳಗೆ ನಮ್ಮ ಮನೆಯ ಟೂ-ಇನ್-ಒನ್. ರೇಡಿಯೋನೂ ಅದರಲ್ಲೇ, ಕ್ಯಾಸೆಟ್ಟೂ ಅದರಲ್ಲೇ. ಅದನ್ನು ತರಬೇಡ ಅಂತ ಗಿರಿಜಾ ಹೇಳಿದ್ದಳು. ಬೇರೆ ಪಂದ್ಯಗಳಿಗೆ ಅದು ಹೋಗಲೇಬೇಕಿತ್ತು. ಫ್ಲೋರ್ ಅಂತ ಒಂದು ಆಟವಿದೆ. ಚಾಪೆಯ ಮೇಲೆ ಹಾಡಿಗೆ ಸರಿಯಾಗಿ ಕುಣಿಯಬೇಕು, ನಡುವೆ ಲಾಗ ಹಾಕಬೇಕು, ಹಾಡು ನಿಂತಾಗ ನಿಲ್ಲಬೇಕು. ಒಂದೂವರೆ ನಿಮಿಷ ದಾಟಬಾರದು, ಹಾಡಿನಲ್ಲಿ ಮಾತು ಇರಬಾರದು. ದಾವಣಗೆರೆಗೆ ಹೋಗಲಿ, ಮೈಸೂರಿಗೆ ಹೋಗಲಿ, ಹಾಡು ಹಾಕುವ ಡಬ್ಬ ನೀವೇ ತನ್ನಿ ಅನ್ನುತ್ತಿದ್ದರು. ಹಾಗಾಗಿ ನಮ್ಮ ಟೂ-ಇನ್-ಒನ್ ನನಗಿಂತ ಹೆಚ್ಚು ಊರು ನೋಡಿದೆ. ಕ್ಯಾಂಡಿಯವರು ಮಾತ್ರ ಹೊಸ ಮೆಷಿನ್ ಇದೆ, ಕ್ಯಾಸೆಟ್ ತಂದರೆ ಸಾಕು ಅಂತ ಬರೆದಿದ್ದರು.

ನಾನು ತಂದದ್ದು ಹಾಡಿಗಲ್ಲ, ನನಗೆ. ಬೆಳಿಗ್ಗೆ ಭದ್ರಾವತಿ ಸ್ಟೇಷನ್ ಕೇಳದೆ ನನಗೆ ಕಾಫಿ ಇಳಿಯುವುದಿಲ್ಲ. ಮೊಮ್ಮಗಳ ಭೂಪಟದಲ್ಲಿ ನೋಡಿದ್ದೆ. ನಮ್ಮೂರಿಂದ ಲಂಕಾಕ್ಕೆ ಎರಡು ಬೆರಳು. ಎರಡು ಬೆರಳು ದೂರಕ್ಕೆ ರೇಡಿಯೋ ಬರದೆ ಇರುತ್ತದಾ ಅಂದುಕೊಂಡೆ.

ಬರಲಿಲ್ಲ. ಮೂರು ದಿನ ಬೆಳಿಗ್ಗೆ, ಗಿರಿಜಾ ಹುಡುಗಿಯರನ್ನು ಓಡಿಸಲು ಹೊರಗೆ ಹೋದಾಗ, ಒಂದೊಂದು ಗಂಟೆ ತಿರುಗಿಸಿದೆ. ಸಮುದ್ರದ ಸದ್ದು ಬಂತು.

ಕ್ಯಾಂಡಿ

ಕೊಲಂಬೊದಿಂದ ಬಸ್ಸು ಘಟ್ಟ ಹತ್ತಿತು. ತೆಂಗು, ಬಾಳೆ, ಅಡಿಕೆ, ಕೆಂಪು ಮಣ್ಣು. ಇದನ್ನು ನೋಡಲು ವಿಮಾನ ಹತ್ತಬೇಕಿತ್ತಾ ಅಂತ ಗಿರಿಜಾಳನ್ನು ಕೇಳಿದೆ. ಅವಳು ಮಲಗಿದ ಹಾಗೆ ಮಾಡಿದಳು.

ಊಟಕ್ಕೆ ಒತ್ತು ಶಾವಿಗೆ ಕೊಟ್ಟರು. ನಮ್ಮ ಕಡೆಯದೇ, ಸ್ವಲ್ಪ ತೆಳ್ಳಗೆ. ಜೊತೆಗೆ ಕೆಂಪಗೆ ತೆಂಗಿನಕಾಯಿ ಚಟ್ನಿ. ನಾನು ಎರಡು ಸಲ ಹಾಕಿಸಿಕೊಂಡೆ. ಇದಕ್ಕೆ ಏನು ಹಾಕುತ್ತೀರಿ, ರುಚಿ ಬೇರೆ ಇದೆಯಲ್ಲ ಅಂತ ಕೇಳಿದೆ. ಒಣ ಮೀನಿನ ಪುಡಿ ಅಂದರು. ಆ ದಿನ ಮೂರು ಸಲ ಸ್ನಾನ ಮಾಡಿ ಲಿಂಗಪೂಜೆ ಮಾಡಿದೆ. ಹುಡುಗಿಯರಿಗೆ ಹೇಳಲಿಲ್ಲ. ಅವರು ಆಗಲೇ ಮೂರನೇ ಸಲ ಹಾಕಿಸಿಕೊಂಡಿದ್ದರು, ಪಂದ್ಯಕ್ಕೆ ಶಕ್ತಿ ಬೇಕು. ಮಾರನೆಯ ದಿನದಿಂದ ನಮ್ಮ ಗುಂಪಿಗೆ ಮೊಸರನ್ನ, ಚಟ್ನಿಪುಡಿ. ಮೊಸರು ಮಾತ್ರ ಅವರದು ಒಳ್ಳೆಯದು. ಎಮ್ಮೆಯದು, ಮಡಕೆ ಬೋರಲು ಹಾಕಿದರೂ ಬೀಳುವುದಿಲ್ಲ.

ಅಲ್ಲಿಯವರು ಹೌದು ಅನ್ನಲೂ ಇಲ್ಲ ಅನ್ನಲೂ ತಲೆಯನ್ನು ಒಂದೇ ಥರ ಆಡಿಸುತ್ತಾರೆ. ಗಿರಿಜಾ ಒಂದು ಬಾಗಿಲಿನ ಹತ್ತಿರ ಒಳಗೆ ಹೋಗಬಹುದಾ ಅಂತ ಕೇಳಿ ಹತ್ತು ನಿಮಿಷ ನಿಂತಿದ್ದಳು. ನಾನು ಹೋದೆ. ಯಾರೂ ಏನೂ ಅನ್ನಲಿಲ್ಲ.

ಇನ್ನೊಂದು ಕಂಡದ್ದು. ಅಲ್ಲಿಯ ಹುಡುಗಿಯರು ಆಟಕ್ಕೆ ಮುಂಚೆ ತಮ್ಮ ಕೋಚ್‌ಗೆ ವೀಳ್ಯದೆಲೆ ಕಟ್ಟು ಕೊಟ್ಟು ಮಂಡಿಯೂರಿ ಹಣೆ ನೆಲಕ್ಕೆ ಮುಟ್ಟಿಸುತ್ತಾರೆ. ಆ ಕೋಚಮ್ಮ ತಲೆ ಸವರಿ ಹರಸುತ್ತಾಳೆ. ನಮ್ಮ ಹುಡುಗಿಯರು ಗಿರಿಜಾಳನ್ನು ಮಿಸ್ ಅನ್ನುತ್ತಾರೆ, ಅವಳ ಬುತ್ತಿ ತೆಗೆದು ತಿನ್ನುತ್ತಾರೆ. ನೇತ್ರಾ ಅದನ್ನು ನೋಡಿ, "ಮಿಸ್, ನಾವೂ ಬೀಳ್ಬೇಕಾ?" ಅಂದಳು.

"ಚಾಪೆ ಮೇಲೆ ಬೀಳ್ಬೇಡ, ಸಾಕು" ಅಂದಳು ಗಿರಿಜಾ.

ಅಲ್ಲಿ ನನಗೆ ಒಂದು ಸ್ನೇಹವಾಯಿತು. ಹಾಲ್ ಗುಡಿಸುವವಳು ಸೆಲ್ವಿ, ಮೇಲಿನ ಟೀ ತೋಟದ ತಮಿಳಿನವಳು. ನನ್ನ ಎಲೆ ಅಡಿಕೆ ಚೀಲ ನೋಡಿ ಬಂದಳು. ಅವರಲ್ಲಿ ಅಡಿಕೆಯನ್ನು ಬೇಯಿಸುವುದಿಲ್ಲ, ಹಸಿಯದ್ದನ್ನೇ ಹೆಚ್ಚಿ ಹಾಕುತ್ತಾರೆ. ನಮ್ಮ ಕೆಂಪಡಿಕೆ ಕೊಟ್ಟೆ. ಅಗಿದು, "ಚೆನ್ನಾಗಿದೆ, ಆದ್ರೆ ಕಲ್ಲು" ಅಂದಳು. ಅವಳದ್ದನ್ನು ನಾನು ಹಾಕಿಕೊಂಡೆ. ತಲೆ ತಿರುಗಿತು. ಚೆನ್ನಾಗಿದೆ ಅಂದೆ.

ಅಭ್ಯಾಸದ ದಿನ

ಪಂದ್ಯದ ಹಿಂದಿನ ದಿನ ಮಧ್ಯಾಹ್ನ ಒಬ್ಬೊಬ್ಬರಿಗೂ ಚಾಪೆಯ ಮೇಲೆ ಒಂದೊಂದೇ ಸಲ ಅಭ್ಯಾಸಕ್ಕೆ ಬಿಟ್ಟರು. ಉಳಿದ ಇಬ್ಬರು ಹುಡುಗಿಯರು ಬಾರು, ಬೀಮ್ ಅನ್ನುವ ಅಂಗೈಯಗಲದ ತೊಲೆ, ಇವುಗಳ ಮೇಲೆ ಆಡುವವರು. ಅವರ ಮೇಲೆ ಗಿರಿಜಾಗೂ ಆಸೆ ಇರಲಿಲ್ಲ. ಪದಕ ಬಂದರೆ ಫ್ಲೋರ್‌ನಲ್ಲಿ, ನೇತ್ರಾಳಿಗೆ.

ಅವಳ ಹಾಡು ಭದ್ರಾವತಿಯ ಬ್ಯಾಂಡ್ ಸೆಟ್ಟಿನವನು ಕ್ಲಾರಿನೆಟ್‌ನಲ್ಲಿ ಊದಿದ್ದು. ಅಳಿಯನೇ ಶಿವಮೊಗ್ಗದ ಸ್ಟುಡಿಯೋಗೆ ಕರೆದುಕೊಂಡು ಹೋಗಿ ಕ್ಯಾಸೆಟ್ ಮಾಡಿಸಿ ತಂದಿದ್ದರು. ಒಂದು ವರ್ಷ ದಿನಕ್ಕೆ ಹತ್ತು ಸಲ ಅದೇ ಹಾಡು, ಹಗಲು ಕಾಲೇಜಿನಲ್ಲಿ, ರಾತ್ರಿ ಗಿರಿಜಾ ಹೆಜ್ಜೆ ಎಣಿಸಲು ಮನೆಯಲ್ಲಿ, ಅವಳು ದಿನಾ ಹೊತ್ತು ತಿರುಗುತ್ತಿದ್ದ ನಮ್ಮ ಟೂ-ಇನ್-ಒನ್‌ನಲ್ಲಿ. ನನಗೆ ನಿದ್ದೆಯಲ್ಲೂ ಬರುತ್ತದೆ.

ಹೊಸ ಮೆಷಿನ್ ಇಟ್ಟ ಮೇಜಿನ ಹತ್ತಿರ ಕೂತವನು ಕ್ಯಾಸೆಟ್ ಹಾಕಿ ಗುಂಡಿ ಒತ್ತಿದ. ಹಾಡು ಶುರುವಾಯಿತು. ಬ್ಯಾಂಡಿನವನಿಗೆ ಮನೆಗೆ ಹೋಗುವ ಅವಸರ ಇದ್ದ ಹಾಗಿತ್ತು. ದನಿಯೂ ಸಣ್ಣಗೆ, ಯಾರೋ ಮೂಗು ಹಿಡಿದ ಹಾಗೆ. ನೇತ್ರಾ ಮೊದಲ ಲಾಗ ಮುಗಿಸಿ ಏಳುವಷ್ಟರಲ್ಲಿ ಹಾಡು ಮುಂದೆ ಹೋಗಿತ್ತು. ಅವಳು ಹಿಂದೆ ಓಡಿದಳು. ಕೊನೆಯ ಮೂಲೆಯಲ್ಲಿ ನಿಂತು ದೊಡ್ಡ ಲಾಗಕ್ಕೆ ಉಸಿರು ತೆಗೆದುಕೊಂಡಾಗ ಹಾಡು ನಿಂತೇಹೋಯಿತು. ಆಮೇಲೆ ಅವಳು ಓಡಿ ಹಾರಿದ್ದು ಬರೀ ಕಾಲಿನ ಸದ್ದಿಗೆ.

ಗಿರಿಜಾ ಮೇಜಿನವನ ಹತ್ತಿರ ಹೋದಳು. ಮೆಷಿನ್ ಸರಿ ಇದೆಯಾ ಅಂದಳು. ಜಪಾನಿನಿಂದ ಬಂದದ್ದು, ತೆಗೆದು ಹದಿನೈದು ದಿನ ಆಗಿಲ್ಲ ಅಂತ ಅವನು ತಲೆಯಾಡಿಸಿದ. ಇವಳು ನಂಬಿದಳು. ಹೊಸ ಮೆಷಿನ್ ತಪ್ಪುವುದಿಲ್ಲ. ಹಾಗಾದರೆ ತಪ್ಪಿದ್ದು ಹುಡುಗಿ. ಇನ್ನೊಮ್ಮೆ ಆಡಿಸಿ ನೋಡೋಣ ಅಂದರೆ ಸರದಿ ಮುಗಿದಿತ್ತು.

ಅವರೆಲ್ಲ ಸ್ನಾನಕ್ಕೆ ಹೋದರು. ನಾನು ಗಿರಿಜಾಳ ಚೀಲದಿಂದ ಕ್ಯಾಸೆಟ್ ತೆಗೆದು ಕಂಬಳಿ ಬಿಚ್ಚಿ ನಮ್ಮ ಡಬ್ಬಕ್ಕೆ ಹಾಕಿದೆ. ಹಾಡು ದಪ್ಪ ದನಿಯಲ್ಲಿ, ಊಟ ಮಾಡಿ ಎದ್ದವನ ಹಾಗೆ, ನಿಧಾನಕ್ಕೆ ಬಂತು. ಇದೇ ನಮ್ಮ ಹಾಡು.

ಎರಡು ವರ್ಷದ ಹಿಂದೆ ಡಬ್ಬ ಕೆಟ್ಟಾಗ ರಿಪೇರಿಗೆ ಒಯ್ದವಳು ನಾನು. ರಿಪೇರಿಯವನು, "ಅಜ್ಜಿ, ಒಳಗೆ ಬೆಲ್ಟ್ ಸಡಿಲ ಆಗಿದೆ, ಹೊಸದು ಹಾಕ್ಲಾ?" ಅಂದಿದ್ದ. "ನಡೀತದಲ್ಲ, ಬಿಡು ಮಾರಾಯ" ಅಂದಿದ್ದೆ. ನಡೆಯುತ್ತಿತ್ತು. ನಿಧಾನವಾಗಿ ನಡೆಯುತ್ತಿತ್ತು. ನೇತ್ರಾ ಒಂದು ವರ್ಷ ಕಲಿತದ್ದು ಆ ಸಡಿಲ ಬೆಲ್ಟಿಗೆ. ಡಬ್ಬ ಬಿಟ್ಟು ಬೇರೆ ಮೆಷಿನ್‌ನಲ್ಲಿ ಆ ಹಾಡನ್ನು ಕ್ಯಾಂಡಿಗೆ ಬಂದ ನಮ್ಮಲ್ಲಿ ಯಾರೂ ಕೇಳಿರಲಿಲ್ಲ.

ಡಬ್ಬವನ್ನು ಕಂಬಳಿಯಲ್ಲಿ ಸುತ್ತಿಟ್ಟೆ. ಕ್ಯಾಸೆಟ್ ಚೀಲಕ್ಕೆ ಹಾಕಿದೆ. ಯೋಚನೆ ಮಾಡಿದೆ. ನಾನು ಏನೂ ಮಾಡಬೇಕಾಗಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ನಾಳೆ ಹಾಡು ಮುಂಚೆ ಮುಗಿಯುತ್ತದೆ, ಪದಕ ಬರುವುದಿಲ್ಲ, ಜೂನ್‌ನಲ್ಲಿ ಗಿರಿಜಾ ಫ್ಯಾನಿನ ಕೆಳಗೆ ಕೂರುತ್ತಾಳೆ.

ಹೊರಗೆ ಹೋಗಿ ಸೆಲ್ವಿಯ ಪಕ್ಕ ಕೂತು ಎಲ್ಲ ಹೇಳಿದೆ. ಏನು ಮಾಡಲಿ ಅಂದೆ.

"ನಿನ್ನ ಮಗಳು. ನನ್ನನ್ನು ಯಾಕೆ ಕೇಳ್ತೀಯ?" ಅಂದಳು. ಎಲೆ ಕೊಟ್ಟಳು.

ಅದೇ ದಿನ, ಊಟದ ಹೊತ್ತು

ಹಾಸ್ಟೆಲಿನಲ್ಲಿ ಏಳು ಗಂಟೆಗೇ ಊಟ. ಗಿರಿಜಾ ಮೊಸರನ್ನ ಕಲಸುತ್ತಾ ನೇತ್ರಾಗೆ, "ನಾಳೆ ಕೊನೇದು ಬಿಡು. ಅಷ್ಟಕ್ಕೇ ನಿಲ್ಸು" ಅಂದಳು. ಕೊನೆಯದೇ ಅವಳ ದೊಡ್ಡ ಲಾಗ. ಅದಿಲ್ಲದಿದ್ದರೆ ಅಂಕ ಬರುವುದಿಲ್ಲ ಅಂತ ನನಗೂ ಗೊತ್ತು.

ನೇತ್ರಾ ಅನ್ನ ನೋಡುತ್ತಾ, "ಮಿಸ್, ನಾನು ಸ್ಲೋ ಆದ್ನಾ?" ಅಂದಳು.

"ನೀನಲ್ಲ ಕಣೆ. ನಾನು ಕಲಿಸಿದ್ದೇ ಸ್ಲೋ. ಹೊರಗಡೆಯವರು ಎಷ್ಟು ಫಾಸ್ಟಿದಾರೆ ಅಂತ ನನಗೆ ತಿಳೀಲಿಲ್ಲ."

ಹುಡುಗಿಯರು ಕೈ ತೊಳೆಯಲು ಎದ್ದ ಮೇಲೆ ಅವಳು ನನ್ನ ಕಡೆ ತಿರುಗಿದಳು. "ಅಮ್ಮ, ಊರಿಗೆ ಹೋದ ತಕ್ಷಣ ಮಾಮಂಗೆ ಹೇಳ್ಬಿಡು. ನಾಳೆ ಏನಾದ್ರೂ ಆಗ್ಲಿ. ನಾನು ಅರ್ಜಿ ಕೊಡ್ತೀನಿ. ಈ ಕೆಲಸ ನಂಗೆ ಬರಲ್ಲ."

ಹನ್ನೆರಡು ವರ್ಷದಿಂದ ಈ ಮಾತು ಕೇಳಲು ಕಾದಿದ್ದೆ. ಕೇಳಿದಾಗ ಸರಿಹೋಗಲಿಲ್ಲ. ಯಾಕೆಂದರೆ ಅದು ಸುಳ್ಳು. ಯಾರಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಅಂತ ನನಗೆ ಗೊತ್ತಾಗುತ್ತದೆ. ನಮ್ಮ ಯಜಮಾನರಿಗೆ ತರಕಾರಿ ತರಲು ಬರುತ್ತಿರಲಿಲ್ಲ. ಗಿರಿಜಾಗೆ ರೊಟ್ಟಿ ತಟ್ಟಲು ಬರುವುದಿಲ್ಲ, ಅದು ಗೋವಾದ ಭೂಪಟದ ಹಾಗೆ ಬರುತ್ತದೆ. ಇವೆಲ್ಲ ನಿಜ. ಆದರೆ ಹುಡುಗಿ ತಲೆಕೆಳಗಾಗಿ ಗಾಳಿಯಲ್ಲಿರುವಾಗ ಇವಳು ಕೆಳಗೆ ನಿಂತು ಸೊಂಟದ ಹಿಂದೆ ಅಂಗೈ ಒಡ್ಡಿರುತ್ತಾಳೆ. ಮುಟ್ಟುವುದಿಲ್ಲ. ಬಿದ್ದರೆ ಮಾತ್ರ ಮುಟ್ಟುತ್ತಾಳೆ. ಹನ್ನೆರಡು ವರ್ಷದಲ್ಲಿ ಒಬ್ಬ ಹುಡುಗಿಯ ಮೂಳೆಯೂ ಮುರಿದಿಲ್ಲ. ಸೋತು ಕೆಲಸ ಬಿಡಲಿ, ಅದು ಬೇರೆ. ಡಬ್ಬದ ತಪ್ಪಿಗೆ ತನಗೆ ಬರಲ್ಲ ಅಂದರೆ ನನಗೆ ಸಿಟ್ಟು ಬರುತ್ತದೆ.

ರೂಮಿಗೆ ಹೋಗಿ ಕಂಬಳಿ ಬಿಚ್ಚಿದೆ.

"ಇದು ಇಲ್ಲಿ ಯಾಕಿದೆ?" ಅಂದಳು ಗಿರಿಜಾ.

"ರೇಡಿಯೋ ಕೇಳಕ್ಕೆ. ಬರ್ಲಿಲ್ಲ. ಕ್ಯಾಸೆಟ್ ಕೊಡು."

ಹಾಡು ಹಾಕಿದೆ. ಅವಳು ಅರ್ಧ ಸಾಲಿಗೇ ಮಂಚದ ಮೇಲೆ ಕೂತುಬಿಟ್ಟಳು. ಬೆಲ್ಟಿನ ಕತೆ ಹೇಳಿದೆ. ಮುಚ್ಚಿಡಲಿಲ್ಲ.

"ಇದು ನಿಂಗೆ ಯಾವಾಗಿಂದ ಗೊತ್ತು?"

"ನಾಲ್ಕು ಗಂಟೆಯಿಂದ."

"ಈಗ ಏಳೂವರೆ."

"ಹೌದು."

"ಇಷ್ಟೊತ್ತು ಏನ್ ಮಾಡ್ತಿದ್ದೆ?"

"ಎಲೆ ಅಡಿಕೆ ಹಾಕ್ಕೊಂಡಿದ್ದೆ."

ಅವಳು ಎದ್ದಳು. ನೇತ್ರಾಳನ್ನು ಕರೆದು ಎರಡು ಮಂಚಗಳ ನಡುವೆ ನಿಲ್ಲಿಸಿ ಕೈಯಲ್ಲೇ ಎಲ್ಲ ಹೆಜ್ಜೆ ಆಡಿಸಿದಳು. ಹಾಡಿಗೂ ಕೈಗೂ ಕೂದಲಷ್ಟು ವ್ಯತ್ಯಾಸವಿರಲಿಲ್ಲ. "ಅಜ್ಜಿ, ನಾನು ಸ್ಲೋ ಆಗಿರ್ಲಿಲ್ಲ!" ಅಂದಳು ನೇತ್ರಾ. "ಆಗಿದ್ದೆ. ಡಬ್ಬದಷ್ಟೇ" ಅಂದೆ.

ಎರಡನೇ ಸಲ ಹಾಕಿದಾಗ ಕ್ಲಾರಿನೆಟ್ ಎತ್ತಿನ ಹಾಗೆ ಕೂಗಿತು. ಆಮೇಲೆ ನಿಂತೇಹೋಯಿತು. ಸೆಲ್ ಮುಗಿದಿತ್ತು. ಕರೆಂಟಿನ ವೈರು ಭದ್ರಾವತಿಯ ಮನೆಯಲ್ಲಿ ಗೋಡೆಗೆ ನೇತಾಡುತ್ತಿತ್ತು. ಮೂರು ಬೆಳಿಗ್ಗೆ ಸಮುದ್ರದ ಸದ್ದು ಕೇಳಿದ್ದಕ್ಕೆ ಇದು ಫಲ. ಗಿರಿಜಾ ಡಬ್ಬ ಬೋರಲು ಹಾಕಿ ಸೆಲ್ ಎಣಿಸಿದಳು.

ಹುಣ್ಣಿಮೆ

ಅಲ್ಲಿ ಪ್ರತಿ ಹುಣ್ಣಿಮೆಗೂ ರಜ. ಹಾಲ್ ಖಾಲಿ ಸಿಗುತ್ತದೆ ಅಂತ ಪಂದ್ಯ ಅವತ್ತೇ ಇಟ್ಟಿದ್ದರು. ಊರಿಡೀ ಬಿಳಿ ಬಟ್ಟೆ ಹಾಕಿಕೊಂಡು ಗುಡಿಗೆ ಹೋಗುತ್ತಿತ್ತು. ನಮ್ಮಲ್ಲಿ ಹಬ್ಬಕ್ಕೆ ಬಿಳಿ ಉಟ್ಟರೆ ಯಾರು ಸತ್ತರು ಅನ್ನುತ್ತಾರೆ. ಸುತ್ತಮುತ್ತ ಒಂದು ಅಂಗಡಿಯೂ ತೆರೆದಿರಲಿಲ್ಲ. ದಪ್ಪ ಸೆಲ್ ಆರು ಬೇಕು.

ಸೆಲ್ವಿಗೆ ಹೇಳಿದೆ. "ವಾಚ್‌ಮನ್‌ಗಳು ಮೂರು ಜನ ಇದ್ದಾರೆ. ಒಬ್ಬೊಬ್ಬನ ಟಾರ್ಚಿಗೂ ಎರಡೆರಡು" ಅಂದಳು. ಇಬ್ಬರು ಕೊಟ್ಟರು. ಮೂರನೆಯವನು ಹಳಬ, ಕೊಡುವುದಿಲ್ಲ ಅಂದ. ಸೆಲ್ವಿ ಅವನ ಭಾಷೆಯಲ್ಲಿ ಏನೋ ಬೈದಳು. ಕಳ್ಳ ಬಂದರೆ ಏನು ಮಾಡಲಿ ಅಂತಾನೆ ಅಂತ ನನಗೆ ತಮಿಳಿನಲ್ಲಿ ಹೇಳಿದಳು. ಹಗಲು ಹತ್ತು ಗಂಟೆ, ಹೊರಗೆ ಕಣ್ಣು ಕುಕ್ಕುವ ಬಿಸಿಲು. "ಒಂದೂವರೆ ನಿಮಿಷಕ್ಕೆ ಕೊಟ್ಬಿಡ್ತೀನಿ ಅನ್ನು" ಅಂದೆ. ಅವನು ನಂಬಲಿಲ್ಲ. ಸೆಲ್ ಕೊಟ್ಟು, ಖಾಲಿ ಟಾರ್ಚ್ ಹಿಡಿದು ನಮ್ಮ ಹಿಂದೆಯೇ ಬಂದು ನಿಂತ.

ಮೇಜಿನವನು ನಮ್ಮ ಡಬ್ಬ ನೋಡಿ ನಕ್ಕ. ಆಗುವುದಿಲ್ಲ ಅಂದ. ಗಿರಿಜಾ ಇಂಗ್ಲಿಷಿನಲ್ಲಿ ಜಗಳಕ್ಕೆ ನಿಂತಳು. ಅವಳು ಜೋರು ಮಾಡಿದ್ದನ್ನು ನಾನು ಆಗಲೇ ಮೊದಲು ನೋಡಿದ್ದು. ಮನೆಯಲ್ಲಿ ಜೋರು ನಾನೇ ಮಾಡುವುದರಿಂದ ಅವಳಿಗೆ ಅವಕಾಶ ಸಿಕ್ಕಿರಲಿಲ್ಲ. ತೀರ್ಪು ಕೊಡುವ ಹೆಂಗಸೊಬ್ಬಳು ಎದ್ದು ಬಂದು ವಿಷಯ ಕೇಳಿದಳು. ಕೊನೆಗೆ, ಹಾಡು ಕೆಟ್ಟರೆ ನಾವೇ ಜವಾಬ್ದಾರರು ಅಂತ ಒಂದು ಕಾಗದ ಬರೆದು, ಮ್ಯಾನೇಜರ್ ಸಹಿ ಮಾಡಬೇಕು ಅಂದರು. ಕನ್ನಡದಲ್ಲಿ ಮಾಡಿದೆ. ಆ ಪ್ರವಾಸದಲ್ಲಿ ನಾನು ಮಾಡಿದ ಮ್ಯಾನೇಜರ್ ಕೆಲಸ ಅದೊಂದೇ.

ಡಬ್ಬದ ಮುಂದೆ ಮೈಕ್ ಇಟ್ಟರು. ನಮ್ಮ ಡಬ್ಬದ ಗುಂಡಿ ಸುಮ್ಮನೆ ಒತ್ತಿದರೆ ನಿಲ್ಲುವುದಿಲ್ಲ, ಹಾಡು ಮುಗಿಯುವ ತನಕ ಹೆಬ್ಬೆರಳು ಹಾಗೇ ಒತ್ತಿಟ್ಟುಕೊಂಡಿರಬೇಕು. ಮನೆಯಲ್ಲಿ ಒತ್ತುತ್ತಿದ್ದವಳು ನಾನು, ನನ್ನ ಬೆರಳಿಗೆ ಅಭ್ಯಾಸ. ಹಾಗಾಗಿ ಮೇಜಿನ ಹಿಂದೆ ಕುರ್ಚಿಯ ಮೇಲೆ ನಾನು, ನನ್ನ ಬೆನ್ನಿಗೆ ಟಾರ್ಚ್ ಹಿಡಿದ ಮುದುಕ. ನೇತ್ರಾ ಚಾಪೆಯ ಮೂಲೆಗೆ ಬಂದು ಕೈಯೆತ್ತಿ ನಿಂತಳು. ಒತ್ತಿದೆ.

ನಾನು ನೇತ್ರಾಳನ್ನು ಪೂರ್ತಿ ನೋಡಲಿಲ್ಲ. ಕಣ್ಣು ಡಬ್ಬದ ಮೇಲಿತ್ತು, ಟೇಪು ಸುತ್ತಿಕೊಂಡರೆ ಅಂತ. ಆದರೆ ಅವಳ ಕಾಲಿನ ಸದ್ದು ಹಾಡಿನೊಳಗೇ ಬೀಳುತ್ತಿತ್ತು. ದೊಡ್ಡ ಲಾಗಕ್ಕೆ ಓಡಿದಳು. ಚಾಪೆಯ ಅಂಚಿನ ಆಚೆ ಗಿರಿಜಾ ನಿಂತಿದ್ದಳು. ಅಲ್ಲಿಂದ ಮುಟ್ಟುವ ಹಾಗಿಲ್ಲ, ಆದರೂ ಅಂಗೈ ಒಡ್ಡಿದ್ದಳು. ನೇತ್ರಾ ಇಳಿದಳು, ಹಾಡು ನಿಂತಿತು, ಅವಳೂ ನಿಂತಳು.

ನಾನು ಬೆರಳು ತೆಗೆಯುವಷ್ಟರಲ್ಲಿ ಮುದುಕ ಡಬ್ಬ ತಿರುಗಿಸಿ ತನ್ನ ಎರಡು ಸೆಲ್ ತೆಗೆದುಕೊಂಡು ಹೋದ.

ಅಲ್ಲಿಯ ಇಬ್ಬರು ಹುಡುಗಿಯರು ನೇತ್ರಾಗಿಂತ ಬಹಳ ಚೆನ್ನಾಗಿ ಆಡಿದರು. ಅವರು ಇಳಿದರೆ ಸದ್ದೇ ಇಲ್ಲ. ನೇತ್ರಾ ಮೂರನೆಯವಳು. ಕಂಚು. ಉಳಿದ ನಮ್ಮ ಇಬ್ಬರನ್ನು ಪಟ್ಟಿಯಲ್ಲಿ ಕೊನೆಯಿಂದ ಹುಡುಕಿದರೆ ಬೇಗ ಸಿಗುತ್ತಿದ್ದರು. ನೇತ್ರಾ ಪದಕ ಹಾಕಿಕೊಂಡು ಓಡಿಬಂದು ಗಿರಿಜಾಳ ಮುಂದೆ ನಿಂತಳು.

"ಎಡಗಾಲು ಸರೀತು" ಅಂದಳು ಗಿರಿಜಾ.

"ಗೊತ್ತು ಮಿಸ್."

ಅಷ್ಟೇ. ಮತ್ತೆ ಇಬ್ಬರೂ ಬುತ್ತಿ ಬಿಚ್ಚಿದರು.

ಭದ್ರಾವತಿ

ಊರಿಗೆ ಬಂದ ಮೇಲೆ ಪ್ರಿನ್ಸಿಪಾಲರು ಹಾರ ಹಾಕಿದರು. ಪದಕವನ್ನು ತಮ್ಮ ರೂಮಿನಲ್ಲಿ ಎರಡು ವಾರ ಇಟ್ಟುಕೊಂಡಿದ್ದು ಆಮೇಲೆ ನೇತ್ರಾಗೆ ಕೊಟ್ಟರು. ಕಂಪ್ಯೂಟರುಗಳು ಲೈಬ್ರರಿಯ ಮೇಲಕ್ಕೆ ಹೋದವು. ಮಾತಿಗೆ ತಪ್ಪದೆ ಬೆಂಗಳೂರಿಗೆ ಕಾಗದವನ್ನೂ ಬರೆದರು. ಮೇ ಕೊನೆಗೆ ಉತ್ತರ ಬಂತು. ಜಿಮ್ನಾಸ್ಟಿಕ್ಸ್ ಕೋಚ್ ಅನ್ನುವ ಹುದ್ದೆಯೇ ಪಟ್ಟಿಯಲ್ಲಿಲ್ಲ. ಹನ್ನೆರಡು ವರ್ಷ ಅವಳು ಎಲ್ಲಿಗೆ ಹೋಗಿ ಬರುತ್ತಿದ್ದಳು ಅಂತ ಅವರಿಗೂ ಗೊತ್ತಿರಲಿಲ್ಲ.

ಕಾಲೇಜಿನ ಹೆಡ್ ಕ್ಲರ್ಕ್ ಸಮಾಧಾನ ಹೇಳಿದರಂತೆ. "ಇಲ್ಲದ ಹುದ್ದೇನ ಖಾಯಂ ಮಾಡಕ್ಕಾಗಲ್ಲ ಮೇಡಂ. ಆದ್ರೆ ಇಲ್ಲದ ಹುದ್ದೇನ ತೆಗೆಯಕ್ಕೂ ಆಗಲ್ಲ. ನೀವು ಬರ್ತಾ ಇರಿ."

ಗಿರಿಜಾ ಇದನ್ನು ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ ಹೇಳಿದಳು. ನಾನು ಹಲಸಿನ ಬೀಜ ಸುಲಿಯುತ್ತಿದ್ದೆ.

"ಪದಕ ಬಂತಲ್ಲ" ಅಂದೆ.

"ಪದಕ ಬಂದ್ರೆ ಖಾಯಂ ಆಗತ್ತೆ ಅಂತ ನಂಬ್ಕೊಂಡು ನಾನು ಮಾತು ಕೊಟ್ಟಿದ್ದು. ಆಗ್ಲಿಲ್ಲ. ನೀನೇ ಗೆದ್ದೆ ಅಂತ ಇಟ್ಕೊ. ವಿಭೂತಿ ಮುಟ್ಟಿದೀನಿ, ಜಗಳ ಮಾಡಲ್ಲ. ನೀನು ಹೇಳಿದ ಹಾಗೆ ಮಾಡ್ತೀನಿ."

ಹೇಳಿ ಬಚ್ಚಲಿಗೆ ಹೋದಳು. ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಕೂರುತ್ತಾಳೆ, ದಿನವೂ. ಹುಡುಗಿಯರು ಲಾಗ ಹಾಕುತ್ತಾರೆ, ಕಾಲು ನೋವು ಇವಳಿಗೆ.

ಆಗ ಫೋನ್ ಬಂತು. ನನ್ನ ತಮ್ಮ.

"ಅಕ್ಕ, ಸೋಮವಾರ ಕಮಿಟಿ ಇದೆ. ಆ ಗುಮಾಸ್ತೆ ಜಾಗ ಗಿರಿಜಂಗೇ ಅಂತ ತಡೆಹಿಡಿದಿದೀನಿ. ಅರ್ಜಿ ಎಲ್ಲಿ?"

"ಬೇರೆಯವ್ರಿಗೆ ಕೊಡು."

"ಏನು?"

"ಬೇರೆಯವ್ರಿಗೆ ಕೊಡು ಅಂದೆ. ಇವಳನ್ನ ಕುರ್ಚಿ ಮೇಲೆ ಕೂರಿಸಿದ್ರೆ ಮೂರು ದಿನಕ್ಕೆ ನಿಮ್ಮ ಸೆಕ್ರೆಟರಿ ಕೈಲಿ ಶೀರ್ಷಾಸನ ಹಾಕಿಸ್ತಾಳೆ."

"ಅಲ್ಲ ಅಕ್ಕ, ಹನ್ನೆರಡು ವರ್ಷದಿಂದ ನೀನೇ ನನ್ನ ಪ್ರಾಣ ತಿಂತಾ ಇದ್ದೆ. ಇದು ಖಾಯಂ ಕಣೆ! ಅವಳದ್ದೇನು, ಹುದ್ದೆನೇ ಇಲ್ಲ ಅಂತಿದಾರಂತೆ?"

"ಹುದ್ದೆ ಇಲ್ಲ. ಕೆಲಸ ಇದೆ. ಫೋನ್ ಇಡು."

ಅವನು ಇಡಲಿಲ್ಲ, ನಾನೇ ಇಟ್ಟೆ. ಮತ್ತೆ ಹಲಸಿನ ಬೀಜದ ಹತ್ತಿರ ಕೂತೆ.

ಬಚ್ಚಲಿನಿಂದ ಗಿರಿಜಾ ಕೂಗಿದಳು. "ಯಾರಮ್ಮ ಫೋನು? ಮಾಮಂದಾ?"

"ರಾಂಗ್ ನಂಬರ್" ಅಂದೆ.